ಗೌಡರ ಮಗ ಕೈ ಎತ್ತಿದ್ದು

ಬೇಸ್‌ಬಾಲ್ ಅಂಪೈರ್ ಆಗಿ ನಿಂತ ದಿನದಿಂದ ಡ್ರಿಲ್ ಮಾಸ್ತರ ಫಕ್ಕೀರಪ್ಪನಿಗೆ ಊಟ ಸೇರುತ್ತಿರಲಿಲ್ಲ. ಫೈನಲ್ ದಿನವಂತೂ ಶಾಲೆಯ ಅಧ್ಯಕ್ಷ ಚನ್ನವೀರಗೌಡರೇ ಮೈದಾನಕ್ಕೆ ಬಂದರು. ಬ್ಯಾಟು ಹಿಡಿದವನು ಅವರ ಮಗ.

“ಮಾಸ್ತರ, ನನ್ನ ಮಗ ಕೈ ಎತ್ತಿದ ಅಂದ್ರ ಟೈಮ್. ಆಟ ಅಲ್ಲೇ ನಿಂತಂಗ. ಅದನ್ನ ನೋಡಿ ಬಾಲ್ ಎಸೆಯಾವ ನಡುವ ಕೈ ತಡದ್ರ ಅದು ಬಾಕ್, ಅವನ ತಪ್ಪು.”

“ನಿಂತ ಆಟದಾಗ ತಪ್ಪು ಹೆಂಗ್ರಿ ಗೌಡ್ರ? ಟೈಮ್ ಕೊಡಾವ ಅಂಪೈರ್ ಅಲ್ರೀ?”

“ನಿನಗ ನೌಕರಿ ಕೊಟ್ಟಾವ ನಾನು. ಟೈಮೂ ನಾನೇ ಕೊಡ್ತೀನಿ. ಕೈ ಎತ್ತಿದ್ರ ಆಟ ನಿಲ್ಲಬೇಕು, ಅಷ್ಟ.”

ಫಕ್ಕೀರಪ್ಪ ತಲೆ ಆಡಿಸಿದ. ಇನ್ನೇನು ಮಾಡಿಯಾನು? ಮನೆಯಲ್ಲಿ ಒಲೆ ಉರಿಯಬೇಕಲ್ಲ.

ಗೆಲ್ಲಲು ಇನ್ನೊಂದೇ ರನ್ ಬೇಕಿತ್ತು. ಗೌಡರ ಮಗ ಚೆಂಡನ್ನು ಮೈದಾನದ ಮೂಲೆಗೆ ಬಾರಿಸಿ ಓಡಿದ. ಮುಟ್ಟಿದರಷ್ಟೇ ರನ್ ಸಿಗುವ ಕೊನೆಯ ಬೇಸ್ ಮುಟ್ಟುವ ಮೊದಲೇ, ಗೆದ್ದೆನೆಂದು ಅಪ್ಪನತ್ತ ಕೈ ಎತ್ತಿದ.

“ಟೈಮ್!” ಎಂದು ಕೂಗಿದ ಫಕ್ಕೀರಪ್ಪ. “ಕೈ ಎತ್ತ್ಯಾನ, ಆಟ ನಿಂತೈತಿ. ಈ ರನ್ ಲೆಕ್ಕಕ್ಕಿಲ್ಲ.”

ಗೌಡರು ಕೆಂಡಾಮಂಡಲವಾಗಿ ನುಗ್ಗಿ ಬಂದು, ಹೊಡೆಯಲು ಕೈ ಎತ್ತಿದರು.

“ನಿಮಗೂ ಟೈಮ್ ಬೇಕಾತೇನ್ರಿ?”

ಮೈದಾನವೆಲ್ಲ ಗೊಳ್ಳೆಂದಿತು. ಗೌಡರ ಕೈ ಮೇಲೇ ಉಳಿಯಿತು.

ಫಕ್ಕೀರಪ್ಪ ಮಾತ್ರ ನಗಲಿಲ್ಲ. ನಾಳೆ ಬೇರೆ ಮಾಸ್ತರ ಬರುತ್ತಾನೆ, ನಿಯಮ ಇದೇ ಇರುತ್ತದೆ ಎಂದು ಅವನಿಗೆ ಗೊತ್ತಿತ್ತು. ಕೊರಳಿನ ಡ್ರಿಲ್ ಸೀಟಿ ತೆಗೆದು, ಗೌಡರ ಎತ್ತಿದ ಕೈಗೇ ನೇತುಹಾಕಿ ಮನೆಯ ದಾರಿ ಹಿಡಿದ.