ಮಾಸ್ತರರ ಎಮ್ಮೆ ತೊಳೆದ ಕೋಚ್

ಮಲಪ್ರಭೆಯ ದಂಡೆಯ ಮೇಲೆ ಫಕೀರಪ್ಪ ಮಾಸ್ತರರ ಮನೆ. ಮಣ್ಣಿನ ಗೋಡೆ, ಮುಂದೊಂದು ಬೇವಿನ ಮರ, ಮರದಾಚೆ ಮರಳು ಬೆರೆತ ಬಯಲು.

ಒಂದು ಕಾಲಕ್ಕೆ ಊರೂರಿನ ಹುಡುಗರಿಗೆ ಫುಟ್‌ಬಾಲ್ ಕಲಿಸಿದವರು ಅವರು. ವಯಸ್ಸಾದ ಮೇಲೆ ಇಲ್ಲಿ ಬಂದು ನೆಲೆ ನಿಂತರು. ಹಸಿದು ಬಂದವರಿಗೆ ರೊಟ್ಟಿ ಹಾಕುತ್ತಿದ್ದರು. ಏನಾದರೂ ಕೇಳಿಕೊಂಡು ಬಂದವರಿಗೆ ಒಂದೆರಡು ಮಾತು ಹೇಳುತ್ತಿದ್ದರು. ಜನ ಆ ಜಾಗಕ್ಕೆ ಆಶ್ರಮ ಎನ್ನುತ್ತಿದ್ದರು. ಮಾಸ್ತರರು ಮಾತ್ರ ಮನೆ ಎನ್ನುತ್ತಿದ್ದರು.

ಒಂದು ಮುಂಜಾನೆ ದಸ್ತಗೀರ ಬಂದು ಅವರ ಕಾಲು ಮುಟ್ಟಿದ.

ದಸ್ತಗೀರ ಅವರ ಹಳೆಯ ಶಿಷ್ಯ. ಈಗ ಶಹರದ ಒಂದು ಕಾಲೇಜಿನಲ್ಲಿ ಫುಟ್‌ಬಾಲ್ ಕೋಚ್. ಅವನು ಚಿಕ್ಕವನಿದ್ದಾಗ ತಂದೆ ತೀರಿಕೊಂಡರು. ಆಗ ಮಾಸ್ತರರು ಅವನನ್ನು ಮನೆಗೆ ಕರೆತಂದು, ತಮ್ಮ ಮಕ್ಕಳ ಸಾಲಿನಲ್ಲೇ ಕೂರಿಸಿ ಊಟ ಹಾಕಿದ್ದರು. ಅವನ ಕಾಲಿಗೆ ಮೊದಲ ಬೂಟು ತೊಡಿಸಿದವರೂ ಅವರೇ. ದಸ್ತಗೀರ ಊಟಕ್ಕೆ ಕೂತಾಗಲೆಲ್ಲ ಆ ಮನೆಯನ್ನು ಒಮ್ಮೆ ನೆನೆಯುತ್ತಿದ್ದ. ಯಾರಿಗೂ ಹೇಳದೆ, ಮನಸ್ಸಿನಲ್ಲೇ.

"ಮಾರಿ ಯಾಕ ಹಂಗ ಮಾಡ್ಕೊಂಡಿ?" ಎಂದರು ಮಾಸ್ತರರು, ಅವನ ಬಾಡಿದ ಮುಖ ನೋಡಿ.

"ಕೋಚ್ ಕೆಲಸ ಬಿಡಬೇಕಂತ ಮಾಡೀನ್ರಿ, ಗುರುಗಳ. ನಿಮಗೊಂದು ಮಾತು ಹೇಳಿ ಬಿಡೂಣು ಅಂತ ಬಂದೆ."

"ಕೂಡು. ಏನಾತು ಹೇಳು."

ದಸ್ತಗೀರ ಕಟ್ಟೆಯ ಮೇಲೆ ಕೂತ. ಹೇಳತೊಡಗಿದ.

ಅವನ ಹುಡುಗರು ಸಾಮಾನ್ಯರಲ್ಲ. ಓಟದಲ್ಲಿ ಮುಂದು, ಕಾಲಿನಲ್ಲಿ ಚಳಕ, ಮೈಯಲ್ಲಿ ಕಸುವು. ನೋಡಿದವರೆಲ್ಲ ಈ ವರ್ಷ ಕಪ್ ಇವರದೇ ಅನ್ನುತ್ತಿದ್ದರು. ವರ್ಷವೂ ಹಾಗೇ ಅನ್ನುತ್ತಿದ್ದರು. ವರ್ಷವೂ ತಂಡ ಮೊದಲ ಪಂದ್ಯದಲ್ಲೇ ಸೋತು ಮನೆಗೆ ಬರುತ್ತಿತ್ತು. ಅದೂ ಇವರ ಅರ್ಧದಷ್ಟೂ ಆಟ ಬಾರದವರ ಕೈಯಲ್ಲಿ.

"ಪ್ರಾಕ್ಟೀಸ್ ಕಡಿಮಿ ಆಗೈತೇನು?"

"ಇಲ್ರಿ. ಬೆಳಕು ಹರಿಯೋದ್ರಾಗ ಮೈದಾನಕ್ಕ ಇಳಸ್ತೀನಿ."

"ಹುಡುಗ್ರು ಜಗಳಾಡ್ತಾರೇನು?"

"ಇಲ್ರಿ. ಮಾತಾ ಆಡೂದಿಲ್ಲ."

ಮಾಸ್ತರರು ತಲೆ ಎತ್ತಿ ನೋಡಿದರು.

"ಆರೂಢ ಅಂತ ಒಬ್ಬ ಹುಡುಗ ಅದಾನ್ರಿ. ನಡುವ ಆಡ್ತಾನ. ಅಂಥ ಕಾಲು ನಾ ಕಂಡಿಲ್ಲ. ಮೊನ್ನೆ ಬಂದು, 'ಸರ, ನಾ ಆಟ ಬಿಡ್ತೀನ್ರಿ' ಅಂದ. ಯಾಕೋ ಅಂದೆ. 'ಆಡಾಕ ಮನಸ್ಸ ಬರವಲ್ದು' ಅಂದ."

ದಸ್ತಗೀರ ಮುಖ ಒರೆಸಿಕೊಂಡ. "ಅವಾ ಬಿಟ್ರ ನಾನೂ ಬಿಡಾಂವ. ಆ ಹುಡುಗಗ ಆಟದ ಮ್ಯಾಲಿನ ಆಸೆ ಹೋತು ಅಂದ್ರ ನಾ ಕಲಿಸಿದ್ದು ಏನ್ರಿ?"

ಮಾಸ್ತರರು ಎದ್ದರು. ಒಳಗೆ ಹೋಗಿ ಒಂದು ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಲೆ ತಂದು ಅವನ ಮುಂದಿಟ್ಟರು.

"ಉಣ್ಣು. ಮುಂದಿನ ವಾರ ಎಲ್ಲಾರನೂ ಇಲ್ಲಿಗೆ ಕರಕೊಂಡು ಬಾ. ಆರೂಢಗೂ ಬಾ ಅಂತ ಹೇಳು. ಆಟ ಬಿಡೂದಿದ್ರ ಇಲ್ಲಿ ಬಂದು ಬಿಡ್ಲಿ."

ಮುಂದಿನ ವಾರ ತಂಡ ಬಂದಿತು. ಆರೂಢನೂ ಬಂದ. ಎಲ್ಲರ ಹಿಂದೆ, ಮುಖ ಕೆಳಗೆ ಹಾಕಿಕೊಂಡು.

ಮರುದಿನ ಮುಂಜಾನೆ ದಸ್ತಗೀರ ಹುಡುಗರನ್ನು ಬಯಲಿಗೆ ಇಳಿಸಿದ. ಗುರುಗಳು ನೋಡುತ್ತಿದ್ದಾರೆಂದು ಅವನಿಗೆ ಹುಮ್ಮಸ್ಸು.

"ಆರೂಢಾ, ಪಾಸ್! ತಡಾ ಮಾಡಬ್ಯಾಡ! ಇನಾಸ, ಹಿಂದ ಬಾ, ಹಿಂದ! ಅಲ್ಲಲ್ಲ, ಬಲಕ್ಕ! ರುದ್ರಗೌಡ, ಮುಂದ ಬಾ! ಯಾಕ ಮುಂದ ಬಂದಿ?"

ಚೆಂಡು ಎಲ್ಲಿ ಹೋದರೂ ಅದಕ್ಕಿಂತ ಮೊದಲೇ ಅವನ ದನಿ ಅಲ್ಲಿ ಹೋಗುತ್ತಿತ್ತು. ಕಲಿಸುವುದರಲ್ಲಿ ಅವನು ಒಂದಿಷ್ಟೂ ಕೊರತೆ ಮಾಡಿದವನಲ್ಲ.

ಬೇವಿನ ಮರದ ಕೆಳಗಿಂದ ಮಾಸ್ತರರು ಕರೆದರು. "ದಸ್ತಗೀರ, ಮನ್ಯಾಗ ನೀರಿಲ್ಲ. ಹೊಳಿಗೆ ಹೋಗಿ ಎರಡು ಕೊಡ ತಗೊಂಡು ಬಾ."

"ಈಗೇನ್ರಿ?"

"ಈಗ."

ದಸ್ತಗೀರ ಕೊಡ ಎತ್ತಿಕೊಂಡ. ಅನ್ನ ಹಾಕಿದವರ ಮಾತು. ಅದಕ್ಕೆ ಆಗುವುದಿಲ್ಲ ಎನ್ನುವ ಬಾಯಿ ಅವನಿಗಿರಲಿಲ್ಲ. ನೀರು ತಂದಿಡುವ ಹೊತ್ತಿಗೆ ಹುಡುಗರು ಆಟ ಮುಗಿಸಿ ಮೈ ತೊಳೆಯಲು ಹೋಗಿದ್ದರು.

ಮರುದಿನ ಹುಡುಗರು ಬಯಲಿಗೆ ಇಳಿಯುತ್ತಿದ್ದಂತೆ ಮಾಸ್ತರರು ಜೋಳದ ಚೀಲ ಅವನ ಕೈಗೆ ಕೊಟ್ಟರು. "ಗಿರಣಿಗೆ ಹೋಗಿ ಬೀಸಿಕೊಂಡು ಬಾ. ಇಷ್ಟು ಮಂದಿಗೆ ರೊಟ್ಟಿ ಆಗಬೇಕು."

"ಪಂದ್ಯಾ ಹತ್ರ ಬಂದೈತ್ರಿ, ಗುರುಗಳ."

"ಹಿಟ್ಟೂ ಮುಗೀತ ಬಂದೈತಿ."

ದಸ್ತಗೀರ ಗಿರಣಿಗೆ ಹೋದ. ಅಲ್ಲಿ ಪಾಳಿ ಬರುವವರೆಗೆ ಕೂತು, ಹಿಟ್ಟಿನ ಚೀಲ ಹೊತ್ತು ಬಂದ. ಮೈಯೆಲ್ಲ ಬೆಳ್ಳಗಾಗಿತ್ತು. ಹುಡುಗರು ನಗು ತಡೆದುಕೊಂಡು ನಿಂತಿದ್ದರು. ಆರೂಢನ ಮುಖದಲ್ಲೂ ನಗು ಇತ್ತು. ಅವನು ನಕ್ಕಿದ್ದನ್ನು ನೋಡಿ ಎಷ್ಟು ದಿನವಾಗಿತ್ತೋ ದಸ್ತಗೀರನಿಗೆ ನೆನಪಾಗಲಿಲ್ಲ.

ಅದರ ಮರುದಿನ ಮಾಸ್ತರರು ಅವನ ಕೈಗೆ ಎಮ್ಮೆಯ ಹಗ್ಗ ಕೊಟ್ಟರು.

"ಮೈ ತೊಳಕೊಂಡು ಬಾ. ಗಡಬಡಿ ಮಾಡಬ್ಯಾಡ. ಅದಕ್ಕ ಸಾವಕಾಶ ತಿಕ್ಕಿಸ್ಕೊಂಡ್ರ ಸೇರತೈತಿ."

ದಸ್ತಗೀರ ಪ್ಯಾಂಟು ಮೊಣಕಾಲಿನ ಮೇಲೆ ಮಡಿಚಿ ನೀರಿಗೆ ಇಳಿದ. ಒಳಗೊಳಗೆ ಕುದಿಯುತ್ತಿದ್ದ. ತಂಡ ಉದ್ಧಾರವಾಗಲೆಂದು ಬಂದರೆ ಗುರುಗಳು ತನ್ನನ್ನು ಆಳುಮಗ ಮಾಡಿಕೊಂಡರಲ್ಲ ಎಂದುಕೊಂಡ. ಅಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು. ಎಮ್ಮೆ ಕಣ್ಣು ಮುಚ್ಚಿ ಕೊರಳವರೆಗೆ ನೀರಿನಲ್ಲಿ ಮಲಗಿತು. ಅವನು ಒಂದು ಹಿಡಿ ಹುಲ್ಲಿನಿಂದ ಅದರ ಬೆನ್ನು ತಿಕ್ಕತೊಡಗಿದ.

ದಂಡೆ ಎತ್ತರವಾಗಿತ್ತು. ಬಯಲು ಕಾಣುತ್ತಿರಲಿಲ್ಲ. ಆದರೆ ಸದ್ದು ಕೇಳುತ್ತಿತ್ತು.

ಮೊದಲು ಚೆಂಡು ಒದ್ದ ಸದ್ದು. ಆಮೇಲೆ ಒಂದು ದನಿ.

"ಆರೂಢಾ, ಎಡಕ್ಕ ನೋಡು!"

ಯಾರದು? ಇನಾಸನದೇ? ಇನಾಸನಿಗೆ ಇಷ್ಟು ದೊಡ್ಡ ದನಿ ಇದೆಯೇ?

"ಬಂದಾ, ಬಂದಾ, ಹಿಂದ ಬಂದಾ!"

"ಬಿಡು, ನಾ ಅದೀನಿ!"

"ಹೋಗೋ ಮುಂದ, ನಾ ಅದೀನಿ!"

ದಸ್ತಗೀರನ ಕೈ ನಿಂತಿತು.

ನಾ ಅದೀನಿ. ಇಷ್ಟು ವರ್ಷ ಕಲಿಸಿದ ಅವನು ತನ್ನ ಮೈದಾನದಲ್ಲಿ ಈ ಮಾತನ್ನು ಒಮ್ಮೆಯೂ ಕೇಳಿರಲಿಲ್ಲ. ಅಲ್ಲಿ ಕೇಳುತ್ತಿದ್ದದ್ದು ಎರಡೇ. ಒಂದು ಅವನ ದನಿ. ಇನ್ನೊಂದು, 'ಸಾರಿ ಸರ.'

ಮೇಲೆ ಹುಡುಗರು ಕೂಗುತ್ತಿದ್ದರು, ನಗುತ್ತಿದ್ದರು, ಒಬ್ಬರನ್ನೊಬ್ಬರು ಬೈಯುತ್ತಲೂ ಇದ್ದರು. ಚೆಂಡಿನ ಸದ್ದು ಕಾಲಿನಿಂದ ಕಾಲಿಗೆ ತಡೆಯಿಲ್ಲದೆ ಹೋಗುತ್ತಿತ್ತು. ಕಣ್ಣಿಗೆ ಕಾಣದಿದ್ದರೂ ಅದು ಎಂಥ ಆಟವೆಂದು ಅವನಿಗೆ ತಿಳಿಯಿತು. ಅಂಥ ಆಟ ನೋಡಬೇಕೆಂದೇ ಅವನು ಕೋಚ್ ಆಗಿದ್ದ.

ಅವನು ಎಮ್ಮೆಯ ಹಗ್ಗ ಹಿಡಿದು ದಂಡೆ ಹತ್ತಿದ.

ಆರೂಢನ ಕಾಲಲ್ಲಿ ಚೆಂಡಿತ್ತು. ಇಬ್ಬರನ್ನು ದಾಟಿ ಮೂರನೆಯವನ ಎದುರಿಗೆ ಬಂದಿದ್ದ. ಆಗ ಅವನ ಕಣ್ಣು ದಂಡೆಯ ಕಡೆ ಹೋಯಿತು. ಕೋಚ್ ನಿಂತಿದ್ದರು. ಕಾಲು ತಡವರಿಸಿತು. ಚೆಂಡು ಎಲ್ಲಿಯೋ ಉರುಳಿ ಹೋಯಿತು.

"ಸಾರಿ ಸರ," ಎಂದ ಆರೂಢ.

ಬಯಲು ಒಮ್ಮೆಲೇ ಸುಮ್ಮನಾಯಿತು.

"ನಾ ಏನೂ ಅನ್ನಲಿಲ್ಲಲೋ," ಎಂದ ದಸ್ತಗೀರ. ಎಲ್ಲರೂ ಅವನ ಬಾಯನ್ನೇ ನೋಡುತ್ತ ನಿಂತಿದ್ದರು. ಮುಂದೇನು ಮಾಡಬೇಕೆಂಬ ಮಾತು ಅಲ್ಲಿಂದ ಬರಲಿ ಎಂದು ಕಾಯುವವರ ಹಾಗೆ.

ಅವನು ಎಮ್ಮೆಯನ್ನು ಕಟ್ಟಿ ಬಂದು ಬೇವಿನ ಮರದ ಕೆಳಗೆ ಕುಸಿದು ಕೂತ.

"ತಂಡ ಸೋಲಾಕ ಕಾರಣ ನಾನ ಏನ್ರಿ, ಗುರುಗಳ?"

ಮಾಸ್ತರರು ಶೇಂಗಾ ಸುಲಿಯುತ್ತಿದ್ದರು. ಒಂದಿಷ್ಟು ಕಾಳು ಅವನ ಕೈಗೂ ಹಾಕಿದರು.

"ಅವರಿಗೆ ಚೆಂಡು ಒದಿಯಾಕ ಕಲಿಸಿದಾಂವ ಯಾರು?"

"ನಾನಾ."

"ಓಡಾಕ? ತಡಿಯಾಕ?"

"ನಾನಾ ಕಲಿಸೀನ್ರಿ."

"ಎಲ್ಲಾ ಕಲಿಸಿದಿ. ಛಲೋ ಕಲಿಸಿದಿ. ಕಲಿಸೂದು ಮುಗಿದಿದ್ದು ನಿನಗ ತಿಳೀಲಿಲ್ಲ, ಅಷ್ಟ."

ದಸ್ತಗೀರನ ಕಣ್ಣು ತುಂಬಿ ಬಂತು. ಇವರು ತನಗೆ ಕಲಿಸುತ್ತಿದ್ದ ದಿನಗಳು ನೆನಪಾದವು. ಪಂದ್ಯ ಶುರುವಾದರೆ ಮಾಸ್ತರರು ಗೆರೆಯಾಚೆ ಕೈ ಕಟ್ಟಿ ಸುಮ್ಮನೆ ನಿಂತಿರುತ್ತಿದ್ದರು. ಮಾಸ್ತರರಿಗೆ ಈಗ ಮೊದಲಿನ ಆಸ್ಥೆ ಇಲ್ಲ ಎಂದು ಆಗಿನ ಹುಡುಗರು ಮಾತಾಡಿಕೊಳ್ಳುತ್ತಿದ್ದರು. ತಾನೂ ಹಾಗೆ ಆಡಿಕೊಂಡವನೇ. ಆ ಮೌನದಲ್ಲೇ ತನ್ನ ಕಾಲಿಗೆ ಬುದ್ಧಿ ಬಂತೆಂದು, ಅದೇ ಅವರು ಕೊಟ್ಟದ್ದರಲ್ಲಿ ದೊಡ್ಡದೆಂದು ಈಗ ತಿಳಿಯಿತು. ಊಟ ಹಾಕಿದ್ದಕ್ಕೆ ನೆನೆದಿದ್ದ. ಬೂಟು ತೊಡಿಸಿದ್ದಕ್ಕೆ ನೆನೆದಿದ್ದ. ಇದಕ್ಕೆ ಒಂದು ದಿನವೂ ನೆನೆದಿರಲಿಲ್ಲ.

ಎದ್ದು ಅವರ ಕಾಲು ಮುಟ್ಟಿದ.

"ಹಂಗಾದ್ರ ಪಂದ್ಯದ ದಿನ ನಾ ಏನ್ ಮಾಡ್ಲ್ರಿ?"

"ಅವರಿಗೆ ನೀರಡಿಕಿ ಆದ್ರ ನೀರು ಕೊಡು."

ಪಂದ್ಯದ ದಿನ ಬಂದಿತು.

ಆಟ ಶುರುವಾದ ಸ್ವಲ್ಪ ಹೊತ್ತಿನಲ್ಲೇ ಎದುರಿನವರು ಗೋಲು ಹೊಡೆದರು. ಇನಾಸ ಬೆಂಚಿನ ಕಡೆ ನೋಡಿದ. ಆರೂಢ ನೋಡಿದ. ಒಬ್ಬೊಬ್ಬರಾಗಿ ಎಲ್ಲರೂ ನೋಡಿದರು. ದಸ್ತಗೀರನ ಗಂಟಲ ತುಂಬ ಮಾತು. ಅವನು ಎರಡೂ ಕೈಯಿಂದ ಬೆಂಚು ಹಿಡಿದುಕೊಂಡು ಕೂತ. ಬೆನ್ನಿನ ಮೇಲೆ ಬೆವರು ಇಳಿಯುತ್ತಿತ್ತು. ಕೂಗುವುದಕ್ಕಿಂತ ಸುಮ್ಮನಿರುವುದು ಇಷ್ಟು ದಣಿಸುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಅರ್ಧ ಆಟ ಮುಗಿಯಿತು. ಹುಡುಗರು ಬಂದು, ಬೈಸಿಕೊಳ್ಳಲು ಸಾಲಾಗಿ ನಿಂತರು.

ದಸ್ತಗೀರ ಒಬ್ಬೊಬ್ಬರ ಕೈಗೂ ನೀರು ಕೊಟ್ಟ. ಆಮೇಲೆ ಕೇಳಿದ. "ಏನ್ ಮಾಡೂಣು?"

ಹುಡುಗರು ಮುಖ ಮುಖ ನೋಡಿಕೊಂಡರು. ಕೋಚ್ ತಮ್ಮನ್ನು ಏನನ್ನಾದರೂ ಕೇಳಿದ್ದು ಇದೇ ಮೊದಲು.

ಕೊನೆಗೆ ಗೋಲ್‌ಕೀಪರ್ ರುದ್ರಗೌಡ ಬಾಯಿ ಬಿಟ್ಟ. "ಸರ, ಅವರ ಎಡಗಡೆ ಬ್ಯಾಕ್ ಅದಾನಲ್ರಿ, ಅವಾ ದಣದಾನ್ರಿ. ಹೊಳ್ಳಿ ಹಿಂದ ಬರಾಕ ತಡಾ ಮಾಡಾಕತ್ತಾನ."

ಮೊದಲೇ ಯಾಕೆ ಹೇಳಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ದಸ್ತಗೀರ ಅದನ್ನು ನುಂಗಿದ.

"ಛಲೋ ನೋಡಿದಿ," ಎಂದ.

ರುದ್ರಗೌಡನ ಮುಖ ಅರಳಿತು. "ಹಂಗಾದ್ರ ಚೆಂಡು ಆ ಕಡೆನಾ ಹಾಕೂಣ್ರಿ," ಎಂದ ಇನಾಸ. "ನಾ ಹೊರಗ ಸರಿತೀನಿ, ನೀ ಒಳಗ ಬಾ," ಎಂದ ಆರೂಢ. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ದಸ್ತಗೀರ ಖಾಲಿಯಾದ ಬಾಟಲಿಗಳನ್ನು ಆರಿಸಿಕೊಳ್ಳುತ್ತ ಕೇಳಿಸಿಕೊಂಡ.

ಉಳಿದರ್ಧದಲ್ಲಿ ಬೇರೆಯೇ ತಂಡ ಆಡಿತು. ಒಮ್ಮೆ ಆರೂಢನ ಕಾಲಿನಿಂದ ಚೆಂಡು ತಪ್ಪಿತು. ಅವನ ತಲೆ ಬೆಂಚಿನ ಕಡೆ ಹೊರಳುವಷ್ಟರಲ್ಲಿ ಹಿಂದಿನಿಂದ ಇನಾಸ ಕೂಗಿದ. "ಬಿಡು, ನಾ ಅದೀನಿ!" ತಲೆ ಅರ್ಧಕ್ಕೇ ನಿಂತು ಮತ್ತೆ ಮುಂದಕ್ಕೆ ತಿರುಗಿತು.

ಗೋಲು ಸಮವಾಯಿತು. ಆಟ ಮುಗಿಯುವ ಮೊದಲು ಇನ್ನೊಂದು ಬಂದಿತು. ಅದು ಯಾರು ಹೊಡೆದ ಗೋಲು ಎಂದು ಆಮೇಲೆ ಹುಡುಗರಲ್ಲೇ ವಾದ ನಡೆಯಿತು. ಅಷ್ಟು ಕಾಲು ಮುಟ್ಟಿಕೊಂಡು ಹೋಗಿತ್ತು ಆ ಚೆಂಡು.

ಮೊದಲ ಪಂದ್ಯ ದಾಟದ ತಂಡ ಆ ವರ್ಷ ಕಪ್ ತಂದಿತು. ಆರೂಢ ಆಟ ಬಿಡುವ ಮಾತನ್ನು ಮತ್ತೆ ಎತ್ತಲಿಲ್ಲ.

ಕಪ್ ಹಿಡಿದುಕೊಂಡು ಎಲ್ಲರೂ ಮಲಪ್ರಭೆಯ ದಂಡೆಗೆ ಬಂದರು. ಬಯಲಿನಲ್ಲಿ ಊರ ಮಕ್ಕಳನ್ನೂ ಸೇರಿಸಿಕೊಂಡು ಆಟ ಹೂಡಿದರು. ಮರದ ಕೆಳಗೆ ಗುರು ಶಿಷ್ಯರು ಕೂತಿದ್ದರು.

"ನಿಮ್ಮಿಂದ ಗೆದ್ದಿವ್ರಿ, ಗುರುಗಳ," ಎಂದ ದಸ್ತಗೀರ. "ಹೆಂಗ ಹೇಳ್ಬೇಕೋ ತಿಳಿವಲ್ದು. ಉಣ್ಣಾಕ ಹಾಕಿದ್ರಿ, ಆಡಾಕ ಕಲಿಸಿದ್ರಿ. ಈಗ ಸುಮ್ಮನಿರಾಕನೂ ಕಲಿಸಿದ್ರಿ."

"ನೀ ಹಿಟ್ಟು ಬೀಸ್ಕೊಂಡು ಬಂದಿ. ಉಪಕಾರ ಆತು ಅಂತ ನಾನು ನಿನಗ ಹೇಳಬೇಕು."

ಇಬ್ಬರೂ ನಕ್ಕರು. ಆದರೆ ದಸ್ತಗೀರನ ನಗು ಬೇಗ ಇಳಿಯಿತು.

"ಇನ್ನೂ ಏನೋ ಐತಿ," ಎಂದರು ಮಾಸ್ತರರು.

"ಸಂತೋಷ ಐತ್ರಿ. ಖರೇನ ಐತಿ. ಆದ್ರ..." ದಸ್ತಗೀರ ಬಯಲಿನ ಕಡೆ ನೋಡಿದ. "ಈಗ ಅವರು ನನ್ನ ಕಡೆ ನೋಡೂದಾ ಇಲ್ರಿ. ಕಪ್ ಗೆದ್ದಾಗ ಒಬ್ಬರನ್ನೊಬ್ಬರು ಹೆಗಲ ಮ್ಯಾಲ ಹೊತ್ಕೊಂಡು ಕುಣದ್ರು. ನಾ ಒಬ್ಬನ ಗೆರಿ ಹೊರಗ ನಿಂತಿದ್ದೆ. ಕೂಗೂದಿಲ್ಲ, ಹೇಳೂದಿಲ್ಲ. ಅವರಿಗೆ ನಾ ಬೇಕೂ ಇಲ್ಲ. ಮತ್ತ ನಾ ಅಲ್ಲಿ ಯಾಕ ನಿಂದರಬೇಕ್ರಿ?"

ಮಾಸ್ತರರು ಶಿಷ್ಯನ ಹೆಗಲ ಮೇಲೆ ಕೈ ಇಟ್ಟರು.

"ಸೋತ ದಿನ ನಿನ್ನ ಕಡೆ ನೋಡ್ತಾರ. ಅವತ್ತ ಅಲ್ಲೇ ಇರು."