ಒಂದೇ ಮಧ್ಯಾಹ್ನದಲ್ಲಿ ಎದ್ದ ಹಿಮಾಲಯ

ಚಂದಮ್ಮನಿಗೆ ಒಬ್ಬನೇ ಮಗ, ಗುಂಡೇರಾಯ. ಎತ್ತಿನಂಥ ಮೈ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ತಲೆ. ನೆಲಕ್ಕೆ ಚಪ್ಪಡಿ ಕಲ್ಲು ಹಾಸುವ ಖಾಸಿಂ ಮೇಸ್ತ್ರಿ ಅವನನ್ನು ಕರೆದು, "ಮಾಸ್ತರ ಮನಿ ನೆಲ ನೆಟ್ಟಗೆ ಹಾಸು, ಕೆಲಸ ಕಾಯಂ" ಅಂದ. ಕಾಯಂ ಅಂದದ್ದು ಕೇಳಿ ಚಂದಮ್ಮನಿಗೆ ಆ ದಿನ ಎರಡು ರೊಟ್ಟಿ ಹೆಚ್ಚೇ ಸೇರಿತು.

"ಕಲ್ಲು ಕಲ್ಲಿನ ನಡುವೆ ಸಂದು ಬಿಡೋ" ಅಂದ ಮೇಸ್ತ್ರಿ. ಗುಂಡೇರಾಯ ಗೇಣು ಗೇಣು ಬಿಟ್ಟ. ಮಾಸ್ತರ ಕಾಲು ಸಿಕ್ಕಿಕೊಂಡಿತು! ಮೇಸ್ತ್ರಿ ಬೈದ.

"ಕಲ್ಲಿಗೆ ಕಲ್ಲು ಒತ್ತಬೇಕೋ ಪೆದ್ದಾ! ಇರುವೆನೂ ತೂರಬಾರದು!" ಅಂದಳು ಮನೆಯಲ್ಲಿ ಅವ್ವ.

"ಆಗಲವ್ವಾ!"

ಮರುದಿನ ಆ ಗೋಡೆಯಿಂದ ಒತ್ತಿದ, ಈ ಗೋಡೆಯಿಂದ ಒತ್ತಿದ, ಹಾರೆ ಹಾಕಿ ಒತ್ತಿದ. ಮಧ್ಯಾಹ್ನಕ್ಕೆ ನಡುಮನೆಯ ಕಲ್ಲುಗಳು ಒಂದಕ್ಕೊಂದು ತಲೆ ಕೊಟ್ಟು ಎದ್ದು ನಿಂತವು!

ಮಾಸ್ತರು ಹೊಟ್ಟೆ ಹಿಡಿದು ನಕ್ಕರು. "ಹಿಮಾಲಯ ಎದ್ದದ್ದೂ ಹಿಂಗೇ ನೋಡು! ಭೂಮಿ ಅಂದ್ರ ದೊಡ್ಡ ದೊಡ್ಡ ಚಪ್ಪಡಿ. ನಮ್ಮ ಚಪ್ಪಡಿ ಹೋಗಿ ಉತ್ತರದ ಚಪ್ಪಡಿಗೆ ಒತ್ತಿತು. ನಮ್ಮದು ತಗ್ಗಿ ಅದರ ಕೆಳಗ ತೂರಿತು, ನಡುವಿನ ನೆಲ ಮಡಚಿ ಮೇಲೆದ್ದಿತು. ಆದರ ಅದು ಉಗುರು ಬೆಳೆದಷ್ಟು ನಿಧಾನ, ಕೋಟಿ ಕೋಟಿ ವರ್ಷ. ನಿನಗೇನಪ್ಪಾ ಇಷ್ಟು ಅವಸರ?"

ಮೇಸ್ತ್ರಿ ನಗಲಿಲ್ಲ, ಬೈದ.

"ಮಾಸ್ತರು ಹೇಳಿದಂಗ ನಿಧಾನ ಮಾಡೋ!" ಅಂದಳು ರಾತ್ರಿ ಎಲ್ಲ ಕೇಳಿದ ಅವ್ವ.

"ಆಗಲವ್ವಾ!"

ಮೂರನೇ ದಿನ ಸಂಜೆ ಮೇಸ್ತ್ರಿ ಬಂದರೆ, ಒಂದು ಕಲ್ಲೂ ಅಲುಗಿಲ್ಲ. ಗುಂಡೇರಾಯ ಹೆಬ್ಬೆರಳನ್ನೇ ನೋಡುತ್ತ ಕೂತಿದ್ದಾನೆ.

"ಉಗುರು ಬೆಳೀಲೇ ಇಲ್ಲ ಮೇಸ್ತ್ರಿ!"

"ನಾಳೆಯಿಂದ ಬರಬ್ಯಾಡ!"

ಚಂದಮ್ಮ ಸಿಟ್ಟಿನಲ್ಲಿ ಮಗನ ಹತ್ತೂ ಉಗುರು ಕತ್ತರಿಸಿ ಹಾಕಿದಳು. ಆಮೇಲೆ ಅತ್ತಳು. ಬುದ್ಧಿ ಹೇಳಿದವಳು ತಾನೇ ಅಲ್ಲವೇ? ಮೊದಲು ತನ್ನ ಬಾಯಿಗೇ ಗಾರೆ ಮೆತ್ತಬೇಕು! ಆದರೂ ಬಾಯಿ ಸುಮ್ಮನಿರಲಿಲ್ಲ. "ನಾನೇ ಬಂದು ಮೇಸ್ತ್ರಿ ಹತ್ರ ಮಾತಾಡ್ತೀನಿ. ಜಗಳ ಆದ್ರ ನೀ ತಗ್ಗಬೇಕು, ತಿಳೀತಾ?"

"ಆಗಲವ್ವಾ!"

ಬೆಳಿಗ್ಗೆ ಮಾಸ್ತರ ಬಾಗಿಲಲ್ಲಿ ಮೇಸ್ತ್ರಿ ಅಡ್ಡ ನಿಂತ. ಚಂದಮ್ಮ ಎದುರು ನಿಂತಳು. ಇವಳು ಒಂದಂದರೆ ಅವನು ಎರಡಂದ. ಗುಂಡೇರಾಯ ತಗ್ಗಿದ. ತಗ್ಗಿ, ಮೇಸ್ತ್ರಿಯ ಕಾಲ ಸಂದಿಯಲ್ಲಿ ತೂರಿ, ಅವನನ್ನು ಹೆಗಲ ಮೇಲೆ ಹೊತ್ತು ಎದ್ದು ನಿಂತ!

"ಅವ್ವಾ, ಬೆಟ್ಟ ಎದ್ದಿತು!"

ಮೇಸ್ತ್ರಿಯ ತಲೆ ತೊಲೆಗೆ ತಾಗಿತು. "ಯಪ್ಪಾ, ಏನು ಭುಜಾನೋ ನಿನ್ನದು! ಕಲ್ಲು ಹಾಸೋದು ಬ್ಯಾಡ, ಹೊರೋ ಕೆಲಸ ಮಾಡು. ಕಾಯಂ! ಈಗ ನನ್ನ ಕೆಳಗ ಇಳಿಸು... ನಿಧಾನ, ನಿಧಾನ!"

ಚಂದಮ್ಮ ಖುಷಿಯಿಂದ ಕಣ್ಣು ಒರೆಸಿಕೊಂಡಳು. ಗುಂಡೇರಾಯ ಹೆಬ್ಬೆರಳು ಎತ್ತಿ ನೋಡಿದ.

"ನಿಧಾನ ಅಂದ್ರ ತಡ ಆಗ್ತದ ಮೇಸ್ತ್ರಿ. ಅವ್ವ ಉಗುರು ನಿನ್ನೆನೇ ಕತ್ತರಿಸ್ಯಾಳ."