ಹುಲಿಯಿಲ್ಲದ ಕೂಗು

ಕಾಡಿನಲ್ಲಿ ಕೆಮ್ಮಿನ ಜಾಡ್ಯ ಹರಡಿತ್ತು. ಅದಕ್ಕೆ ಕರಡಿ ಅಜ್ಜಿಯ ಬಳಿ ಬೇರಿನ ಕಷಾಯವಿತ್ತು. ಆದರೆ ಕಷಾಯ ಕುಡಿದು ಬಂದ ಮುದಿ ಮುಸುವನನ್ನು ಕೋತಿಹಿಂಡಿನ ಯಜಮಾನ ಜಾಡ್ಯದವನೆಂದು ಮತ್ತೆ ಮರ ಹತ್ತಲು ಬಿಡಲಿಲ್ಲ. ಅದನ್ನು ಕಂಡ ಮೇಲೆ ಆ ಮರದಿಂದ ಯಾರೂ ಅತ್ತ ಹೋಗಲಿಲ್ಲ.

ಹಿಂಡಿನ ಕಾವಲುಗಾರನಿಗೂ ಕೆಮ್ಮು ಹತ್ತಿತು. ಹುಲಿ ಕಂಡಾಗ ಮುಸುವ ಕೂಗುವ ಸದ್ದೂ ಕೆಮ್ಮಿನಂತೆಯೇ ಇರುತ್ತದೆ. ಹಾಗಾಗಿ ಕೆಮ್ಮು ಬಂದಾಗಲೆಲ್ಲ ಅವನು, "ಹುಲಿ ಬಂತು!" ಎಂದುಬಿಡುತ್ತಿದ್ದ. ಕೆಳಗೆ ಮೇಯುತ್ತಿದ್ದ ಜಿಂಕೆಗಳು ದಿಕ್ಕಾಪಾಲಾಗಿ ಓಡುತ್ತಿದ್ದವು. ಮೂರು ದಿನ ಅವು ನೆಮ್ಮದಿಯಾಗಿ ಒಂದು ಬಾಯಿ ಹುಲ್ಲು ತಿನ್ನಲಿಲ್ಲ. ಮರಿಗಳು ನಿಂತಲ್ಲೇ ನಡುಗುತ್ತಿದ್ದವು.

ನಾಲ್ಕನೆಯ ದಿನ ಹಿರಿಯ ಹೆಣ್ಣುಜಿಂಕೆ ಓಡದೆ ನಿಂತಳು. "ಕಾವಲಣ್ಣ, ಗಾಳಿಯಲ್ಲಿ ಹುಲಿಯ ವಾಸನೆಯೇ ಇಲ್ಲ. ನಿನಗೆ ಜಾಡ್ಯ ಬಂದಿದೆ. ನಡೆ, ಕರಡಿ ಅಜ್ಜಿಯ ಬಳಿಗೆ ಹೋಗೋಣ."

"ಮೆಲ್ಲಗೆ ಮಾತಾಡು, ಅಕ್ಕ! ಇವರಿಗೆ ಕೇಳಿಸಿದರೆ ನನ್ನನ್ನೂ ಮರದಿಂದ ಓಡಿಸುತ್ತಾರೆ."

ಅಷ್ಟರಲ್ಲಿ ಮೇಲಿನ ಕೊಂಬೆಯಿಂದ ಕೆಮ್ಮು ಕೇಳಿಸಿತು. "ಹುಲಿ!" ಎಂದಳು ಅಲ್ಲಿ ಕುಳಿತಿದ್ದ ಬಾಣಂತಿ, ಗಡಿಬಿಡಿಯಿಂದ. ತುದಿಯ ಕೊಂಬೆಯಲ್ಲಿ ಇನ್ನೊಂದು ಕೆಮ್ಮು. "ಹುಲಿ, ಹುಲಿ!" ಎಂದ ಯಜಮಾನ.

ಕಾವಲುಗಾರ ತಲೆಯೆತ್ತಿ ನೋಡಿದ. ಯಾರೂ ಅವನ ಮುಖ ನೋಡಲಿಲ್ಲ. ಅವನು ಮರ ಇಳಿದು ಜಿಂಕೆಯ ಜೊತೆ ಹೊರಟ. ಸ್ವಲ್ಪ ದೂರ ಹೋಗಿ ತಿರುಗಿದಾಗ, ಮರಿಯನ್ನು ಎದೆಗವಚಿಕೊಂಡು ಬಾಣಂತಿಯೂ ಬರುತ್ತಿದ್ದಳು. ಅವಳ ಹಿಂದೆ, ತಲೆ ತಗ್ಗಿಸಿಕೊಂಡು, ಯಜಮಾನ.